ಅಕ್ಷರದ ಗೆಳೆಯರ ಊರಿಗೆ ನಾಲ್ಕು ದಿನ

ಈ ಕಥನದಲ್ಲಿ ಬರುವ ಇಬ್ಬರಿಗೆ ಹೆಸರಿಲ್ಲ. ಒಬ್ಬರನ್ನು ‘ಬಂದವರು’ ಎನ್ನೋಣ, ಇನ್ನೊಬ್ಬರನ್ನು ‘ಊರಿನವರು’. ಊರಿಗೂ ಹೆಸರು ಬೇಡ. ನೆಟ್‌ನಲ್ಲಿ ಪರಿಚಯವಾಗಿ, ವರ್ಷಗಟ್ಟಲೆ ಬರೆದುಕೊಂಡು, ಕೊನೆಗೊಮ್ಮೆ ಬ್ಯಾಗು ಹೆಗಲಿಗೇರಿಸಿ ಹೊರಡುವವರ ಪ್ರವಾಸಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತವೆ. ಎಡವುವ ಜಾಗಗಳೂ ಅವೇ. ಅಂಥ ನಾಲ್ಕು ದಿನಗಳನ್ನು ಇಲ್ಲಿ ಜೋಡಿಸಿದೆ.

ಇಬ್ಬರ ನಂಟು ಶುರುವಾದದ್ದು ಆನ್‌ಲೈನ್ ಚೆಸ್‌ನಿಂದ. ಗಡಿಯಾರ ಒತ್ತಿಕೊಂಡು ಆಡುವ ಆಟವಲ್ಲ, ಒಂದು ನಡೆಗೆ ಮೂರು ದಿನ ಗಡುವು ಇರುವ ನಿಧಾನದ ಆಟ. ನಡೆಯ ಜೊತೆಗೆ ಒಂದು ಸಾಲು ಬರೆಯುವ ರೂಢಿ ಬಿತ್ತು. ಸಾಲು ಪ್ಯಾರಾ ಆಯಿತು, ಪ್ಯಾರಾ ವಾಯ್ಸ್ ಮೆಸೇಜ್ ಆಯಿತು. ಹೀಗೆ ಆರು ವರ್ಷ.

ಹೊರಡುವ ಮುನ್ನ

ಟಿಕೆಟ್ಟಿನ ವಿಷಯ ಬೇಗ ಮುಗಿಸೋಣ. ಹೋಗುವ ಟಿಕೆಟ್ಟಿನ ಜೊತೆಗೇ ವಾಪಸ್ ಟಿಕೆಟ್ಟು, ಮೊದಲ ಎರಡು ರಾತ್ರಿಗೆ ಬೇರೆ ರೂಮು, ಎರಡೂ ಬಂದವರ ಹೆಸರಲ್ಲಿ, ಅವರದೇ ಹಣದಲ್ಲಿ. “ನಮ್ಮ ಮನೆ ಇದೆಯಲ್ಲ” ಎಂದು ಊರಿನವರು ಬೇಸರಪಟ್ಟುಕೊಂಡರು. ರೂಮು ಹಿಡಿಯುವುದು ಅಪನಂಬಿಕೆಯಿಂದಲ್ಲ. ಇಡೀ ದಿನ ಒಬ್ಬರ ಮುಖ ಒಬ್ಬರು ನೋಡಿದ ಮೇಲೆ ಇಬ್ಬರಿಗೂ ಒಂದು ಬಾಗಿಲು ಬೇಕಾಗುತ್ತದೆ, ಮುಚ್ಚಿಕೊಳ್ಳಲು.

ಅದಕ್ಕೂ ಮುಂಚೆ ಮಾಡಬೇಕಾದ್ದು ವಿಡಿಯೊ ಕರೆ. ಒಂದಲ್ಲ, ನಾಲ್ಕೈದು, ಬೇರೆಬೇರೆ ಹೊತ್ತಿನಲ್ಲಿ. ಮುಖ ಬದಲಿಸುವ ಸಾಫ್ಟ್‌ವೇರ್ ಈಗ ನೇರ ಕರೆಯಲ್ಲೂ ಓಡುತ್ತದೆ. ಎದುರಿನವರು ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಮುಖದ ಮುಂದೆ ಕೈ ಆಡಿಸಿದಾಗ ಅದು ತಡವರಿಸುವುದು ಹೆಚ್ಚು. ಹಾಗೆಂದು ಆ ಪರೀಕ್ಷೆಯೊಂದನ್ನೇ ನಂಬಿ ಕೂರಬಾರದು. ಒಂದು ವಿಷಯದಲ್ಲಿ ಮಾತ್ರ ಚೌಕಾಶಿಯೇ ಇಲ್ಲ: ಕ್ಯಾಮೆರಾ ಮುಂದೆ ಬರಲು ಪ್ರತಿಸಲ ಏನೋ ಒಂದು ನೆಪ, ಜೊತೆಗೆ ದುಡ್ಡಿನ ಕೋರಿಕೆ, ಇವೆರಡೂ ಸೇರಿದರೆ ಟಿಕೆಟ್ ರದ್ದು ಮಾಡಿ ಮನೆಯಲ್ಲಿ ಕೂರುವುದು.

ಬಂದವರ ಮನೆಯಲ್ಲಿ ಒಬ್ಬರಿಗೆ ಎಲ್ಲವೂ ಗೊತ್ತಿತ್ತು. ಊರಿನವರ ವಿಳಾಸ, ರೂಮಿನ ವಿಳಾಸ, ಫೋನಿನ ಲೈವ್ ಲೊಕೇಶನ್, ರಾತ್ರಿ ಒಂಬತ್ತಕ್ಕೆ ಒಂದು ಮೆಸೇಜು. “ತಲುಪಿದೆ” ಎಂದಷ್ಟೇ ಬಂದರೆ ಸಾಲದು, ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ಇಬ್ಬರಿಗೇ ಗೊತ್ತಿರುವ ಒಂದು ಪದ ಅದರಲ್ಲಿರಬೇಕು ಎಂದು ಒಪ್ಪಂದ.

ಕಾಲವಲಯ ದಾಟಿ ಹೋಗುವವರಿಗೆ ಇನ್ನೊಂದು ಲೆಕ್ಕವಿದೆ. ದೇಹ ಹೊಸ ಗಡಿಯಾರಕ್ಕೆ ಹೊಂದಿಕೊಳ್ಳಲು ಸಮಯದ ವ್ಯತ್ಯಾಸದ ಗಂಟೆಗೆ ಸುಮಾರು ಒಂದು ದಿನದಂತೆ ಹಿಡಿಯುತ್ತದೆ, ಪೂರ್ವಕ್ಕೆ ಹಾರಿದರೆ ಕಷ್ಟ ಇನ್ನೂ ಜಾಸ್ತಿ. ನಿದ್ದೆಗೆಟ್ಟ ಮೊದಲ ಸಂಜೆ ಆಡಿದ ಮಾತಿನಿಂದ ಸ್ನೇಹ ಅಳೆಯಬಾರದು.

ಒಂದನೇ ದಿನ: ಪ್ಲಾಟ್‌ಫಾರಂ

ರೈಲು ಒಂದೂವರೆ ಗಂಟೆ ತಡ. ಕಿಟಕಿಯಾಚೆ ರಾತ್ರಿಯೆಲ್ಲ ಮಳೆ, ಬೆಳಗಾದಾಗ ಹೊಲಗಳಲ್ಲಿ ನೀರು ನಿಂತು ಆಕಾಶ ಎರಡೆರಡಾಗಿ ಕಾಣುತ್ತಿತ್ತು. ಸ್ಟೇಷನ್ನಿನ ಗಡಿಯಾರದ ಕೆಳಗೆ ಸಿಗುವುದೆಂದು ಮಾತಾಗಿತ್ತು. ಜನ ಓಡಾಡುವ ಜಾಗ, ಹಗಲು ಹೊತ್ತು, ಇಬ್ಬರಿಗೂ ಸಲೀಸಾಗಿ ಎದ್ದು ಹೋಗಬಹುದಾದ ತಾಣ. ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೊದಲ ಆಶ್ಚರ್ಯ ಎತ್ತರದ್ದು. ವಿಡಿಯೊದಲ್ಲಿ ಎಲ್ಲರೂ ಎದೆಯಿಂದ ಮೇಲಕ್ಕೆ, ಎಲ್ಲರೂ ಒಂದೇ ಅಳತೆ. ಊರಿನವರು ಬಂದವರ ಭುಜಕ್ಕೆ ಬರುತ್ತಿದ್ದರು. ಎರಡನೆಯದು ದನಿ. ಹಳೆಯ ಬಗೆಯ ಫೋನ್ ಕರೆ ಸಾಗಿಸುವುದು 300ರಿಂದ 3,400 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ಸದ್ದನ್ನು ಮಾತ್ರ. ಗಂಡಸಿನ ದನಿಯ ತಳಪಾಯ ಸುಮಾರು 100 ಹರ್ಟ್ಸ್, ಹೆಂಗಸಿನದು 200ರ ಆಸುಪಾಸು. ಅಂದರೆ ಆ ತಳಪಾಯ ತಂತಿಯ ಆ ತುದಿಯಲ್ಲೇ ಉಳಿದುಬಿಡುತ್ತದೆ. ಇಲ್ಲದ್ದನ್ನು ಕಿವಿ ಊಹಿಸಿ ತುಂಬಿಕೊಳ್ಳುತ್ತದೆ. ಇಂಟರ್ನೆಟ್ ಕರೆ ಎಷ್ಟೋ ವಾಸಿ, ಆದರೂ ಅಂಗೈಯಗಲದ ಫೋನಿನ ಸ್ಪೀಕರಿಗೆ ಮಂದ್ರ ಹೊರಡಿಸುವ ತ್ರಾಣವಿಲ್ಲ. ಊರಿನವರು ಬಾಯಿ ತೆರೆದದ್ದೇ, ಬಂದವರಿಗೆ ಇದು ಆ ದನಿಯ ಅಣ್ಣನದ್ದೋ ಏನೋ ಅನ್ನಿಸಿತು.

ಮೂರನೆಯದು ಕನ್ನಡಿಗರಿಗೇ ವಿಶೇಷವಾದ ಫಜೀತಿ. ಆರು ವರ್ಷ ಬರೆದುಕೊಂಡಿದ್ದು ಅರ್ಧ ಇಂಗ್ಲಿಷಿನಲ್ಲಿ. ಅಲ್ಲಿ ‘ಯೂ’ ಅಂದರೆ ಮುಗಿಯಿತು. ಈಗ ಎದುರಾಬದುರು ನಿಂತಾಗ ‘ನೀನು’ ಎನ್ನುವುದೋ ‘ನೀವು’ ಎನ್ನುವುದೋ? ಇಬ್ಬರೂ ಉಪಾಯವಾಗಿ ಕರ್ತೃವೇ ಇಲ್ಲದ ವಾಕ್ಯಗಳಲ್ಲಿ ಮಾತಾಡಿದರು. “ಪ್ರಯಾಣ ಆರಾಮಾಯ್ತಾ?” “ತಿಂಡಿ ಆಯ್ತಾ?” ವಿಷಯವೇ ತೆಗೆಯದಿದ್ದರೆ ಈ ಹಗ್ಗದ ಮೇಲಿನ ನಡಿಗೆ ಎರಡು ದಿನವಾದರೂ ನಡೆಯುತ್ತದೆ.

ಆಟೊದಲ್ಲಿ ಮೌನ. ಇಂಥ ಮೌನಕ್ಕೆ ಹೆದರಿ ‘ತಪ್ಪು ಮಾಡಿದೆವೇನೋ’ ಎಂದುಕೊಳ್ಳುವವರೇ ಹೆಚ್ಚು. ಕಾರಣ ಬೇರೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ 2009ರ ಅಧ್ಯಯನವೊಂದರ ಪ್ರಕಾರ ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಗುವ ನಡುವೆ ಇರುವುದು ಸರಾಸರಿ 0.2 ಸೆಕೆಂಡು. ಕರೆಯಲ್ಲಿ ಸದ್ದು ಈ ಕಡೆಯಿಂದ ಆ ಕಡೆಗೆ ಹೋಗಲು 0.15 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಹೋಗಿಬರುವುದು ಸೇರಿದರೆ ಅಷ್ಟರಲ್ಲೇ ಲಯ ತಪ್ಪಿತು. ವರ್ಷಗಟ್ಟಲೆ ಕರೆಯಲ್ಲೇ ಮಾತಾಡಿದವರು ಎದುರಿನವರ ಮಾತು ಪೂರ್ತಿ ಮುಗಿಯಿತಾ ಎಂದು ಕಾಯುವುದನ್ನು ಕಲಿತುಬಿಟ್ಟಿರುತ್ತಾರೆ. ಪಕ್ಕದಲ್ಲಿ ಕೂತಾಗಲೂ ಆ ಅಭ್ಯಾಸ ಹೋಗುವುದಿಲ್ಲ. ಇಬ್ಬರೂ ಕಾಯುತ್ತಾರೆ, ಇಬ್ಬರೂ ಒಟ್ಟಿಗೆ ಶುರುಮಾಡುತ್ತಾರೆ, ಇಬ್ಬರೂ “ಹೇಳಿ ಹೇಳಿ” ಎಂದು ನಿಲ್ಲಿಸುತ್ತಾರೆ.

ಸಂಜೆ ಎರಡು ತಾಸು ಮಾತ್ರ ಸೇರಿದರು. ಖರ್ಚಿನ ಮಾತು ಅಲ್ಲೇ ಮುಗಿಯಿತು: ಒಂದು ದಿನ ಇವರದು, ಒಂದು ದಿನ ಅವರದು, ಪ್ರತಿ ಬಿಲ್ಲಿಗೂ ಕೈ ಹಿಡಿದು ಎಳೆದಾಡುವಂತಿಲ್ಲ. ರಾತ್ರಿ ರೂಮಿಗೆ ಹೋದ ಬಂದವರು ಮಾಡಿದ ಮೊದಲ ಕೆಲಸ ಊರಿನವರಿಗೆ ಮೆಸೇಜು ಹಾಕಿದ್ದು. ಹತ್ತು ನಿಮಿಷದಲ್ಲಿ ಇಬ್ಬರೂ ಹಳೆಯ ಹುರುಪಿನಲ್ಲಿ ಟೈಪ್ ಮಾಡುತ್ತಿದ್ದರು. ಎರಡು ಕಿಲೋಮೀಟರ್ ದೂರದಲ್ಲಿದ್ದುಕೊಂಡು! ನಗೆಪಾಟಲು ಅನ್ನಿಸಬಹುದು, ಆದರೆ ಮೊದಲ ರಾತ್ರಿ ಇದನ್ನು ಮಾಡಲೇಬೇಕು. ಬೆಳಗಿನಿಂದ ಕಂಡ ಅಪರಿಚಿತ ಮುಖಕ್ಕೆ ಆರು ವರ್ಷದ ಪರಿಚಿತ ಅಕ್ಷರವನ್ನು ಅಂಟಿಸುವ ಕೆಲಸ ನಡೆಯುವುದು ಆಗ.

ಎರಡನೇ ದಿನ: ಕ್ಯಾಮೆರಾದ ಹಿಂದಿನ ಗೋಡೆ

ಬೆಳಿಗ್ಗೆ ಊರಿನವರ ಮನೆಗೆ. ದಾರಿ ಕೆಸರು, ಒಂದು ಕಡೆ ಚರಂಡಿ ತೋಡಿ ಹಾಗೇ ಬಿಟ್ಟಿದ್ದರು, ಹಲಗೆ ದಾಟಿ ಹೋಗಬೇಕು. ಗೇಟಿನ ಹತ್ತಿರ ಪಕ್ಕದ ಮನೆಯವರು ನಿಲ್ಲಿಸಿ ಕೇಳಿಯೇಬಿಟ್ಟರು: “ಇವರು ಹೆಂಗೆ ಪರಿಚಯ?”

ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿರಬೇಕು. “ನೆಟ್‌ನಲ್ಲಿ” ಎಂದರೆ ಕೇಳಿದವರ ಮುಖದಲ್ಲಿ ಪೇಪರಿನ ಅಪರಾಧ ಸುದ್ದಿಯೆಲ್ಲ ಹಾದುಹೋಗುತ್ತದೆ. ಸುಳ್ಳೂ ಬೇಡ, ಆಮೇಲೆ ಇಬ್ಬರ ಸುಳ್ಳು ತಾಳೆಯಾಗುವುದಿಲ್ಲ. ಎಲ್ಲಿ ಸಿಕ್ಕರು ಎನ್ನುವುದಕ್ಕಿಂತ ಒಟ್ಟಿಗೆ ಏನು ಮಾಡುತ್ತೀರಿ ಎನ್ನುವುದನ್ನು ಹೇಳಿದರೆ ಸಾಕು. “ಆರು ವರ್ಷದಿಂದ ಇಬ್ಬರೂ ಚೆಸ್ ಆಡ್ತೀವಿ” ಎಂದರು ಊರಿನವರು. “ಯಾರು ಗೆಲ್ಲೋದು?” ಎಂದರು ಪಕ್ಕದ ಮನೆಯವರು. ಮುಗಿಯಿತು.

ಮನೆಯೊಳಗೆ ಬಂದವರಿಗೆ ಒಂದು ಗೋಡೆ ಮಾತ್ರ ಗೊತ್ತಿತ್ತು. ಪುಸ್ತಕದ ಕಪಾಟು, ಅದರ ಮೇಲೊಂದು ಹಿತ್ತಾಳೆ ಗಂಟೆ, ಎಡಕ್ಕೆ ವಾಲಿದ ಕ್ಯಾಲೆಂಡರು. ಆರು ವರ್ಷ ನೋಡಿದ ಆ ಮೂರಡಿ ಗೋಡೆಯ ಎದುರಿಗಿನದು ಯಾವತ್ತೂ ಕಂಡಿರಲಿಲ್ಲ. ಅಲ್ಲಿ ಒಣಹಾಕಿದ ಬಟ್ಟೆಯ ಹಗ್ಗ, ತಂದೆಯವರ ಔಷಧಿ ಡಬ್ಬಿಗಳು ಸಾಲಾಗಿ, ಹರಿದ ಕುಶನ್ನಿನ ಒಂದು ಕುರ್ಚಿ. ತಲೆಯ ಮೇಲೆ ಫ್ಯಾನು ಸುತ್ತಿಗೊಮ್ಮೆ ‘ಟಕ್’ ಅನ್ನುತ್ತಿತ್ತು.

“ಇದು ಯಾವಾಗಿನಿಂದ ಹೀಗೆ?”

“ಮೊದಲಿನಿಂದ. ಯಾಕೆ, ಕೇಳಿಸ್ತಿರಲಿಲ್ವಾ?”

ಕೇಳಿಸುತ್ತಿರಲಿಲ್ಲ. ಕರೆಯ ಆ್ಯಪುಗಳಲ್ಲಿ ನಾಯ್ಸ್ ಸಪ್ರೆಶನ್ ಎಂಬ ಏರ್ಪಾಡಿದೆ. ಮನುಷ್ಯರ ಮಾತನ್ನು ಆರಿಸಿಕೊಂಡು ಫ್ಯಾನು, ಮಿಕ್ಸಿ, ಮಳೆಯಂಥ ಒಂದೇ ಸಮನೆ ಬರುವ ಸದ್ದನ್ನೆಲ್ಲ ಒರೆಸಿ ಹಾಕುತ್ತದೆ. ಕಚೇರಿ ಮೀಟಿಂಗಿಗೆ ಅದು ವರ. ಗೆಳೆಯರ ಮಟ್ಟಿಗೆ ಮಾತ್ರ ಮನೆಯನ್ನೇ ಒರೆಸಿದಂತೆ.

ಆನ್‌ಲೈನ್ ಸ್ನೇಹದ ಬಗ್ಗೆ ಜೋಸೆಫ್ ವಾಲ್ಥರ್ ಎಂಬ ಸಂವಹನ ಸಂಶೋಧಕರು 1996ರಲ್ಲೇ ಒಂದು ಮಾತು ಮುಂದಿಟ್ಟಿದ್ದರು. ಬರೆಯುವವರು ಅಳಿಸಿ ತಿದ್ದಿ ತಮ್ಮ ಒಳ್ಳೆಯ ಮುಖವನ್ನೇ ಕಳಿಸುತ್ತಾರೆ, ಓದುವವರು ಖಾಲಿ ಜಾಗಗಳನ್ನು ಒಳ್ಳೆಯದರಿಂದಲೇ ತುಂಬಿಕೊಳ್ಳುತ್ತಾರೆ, ಹಾಗಾಗಿ ಪರದೆಯ ಮೇಲಿನ ಆಪ್ತತೆ ಎದುರಾಬದುರಿನದ್ದಕ್ಕಿಂತ ಹೆಚ್ಚಾಗಿಯೇ ಬೆಳೆಯಬಹುದು ಎಂದು. ಇದನ್ನು ಓದಿದ ಕೆಲವರು ‘ಹಾಗಾದರೆ ಅದು ಭ್ರಮೆ’ ಎಂದು ತೀರ್ಮಾನಿಸುತ್ತಾರೆ. ಅದು ಅವಸರದ ತೀರ್ಪು. ತಿದ್ದಿ ಬರೆದದ್ದೂ ಬರೆದವರದೇ. ಔಷಧಿ ಡಬ್ಬಿಯ ವಿಷಯ ಬರೆಯದೆ ಬಿಟ್ಟದ್ದು ಮೋಸವಲ್ಲ, ರಾತ್ರಿ ಹನ್ನೊಂದಕ್ಕೆ ಅದನ್ನು ಮರೆಯಲೆಂದೇ ಅವರು ಚೆಸ್ ತೆರೆಯುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಮನೆಯವರೆಲ್ಲ ಸುತ್ತ ಕೂತರು. ಯಾವುದು ಆಗುವುದಿಲ್ಲ ಎನ್ನುವುದನ್ನು ಬಂದವರು ವಾರ ಮೊದಲೇ ಬರೆದಿದ್ದರು, ಎಲೆಯ ಮುಂದೆ ಮುಜುಗರವಾಗಲಿಲ್ಲ. ಆದ ಎಡವಟ್ಟು ಬೇರೆ. ತಂದೆಯವರ ಎದುರು ಬಂದವರು ಊರಿನವರನ್ನು ಆಟದ ಅಡ್ಡಹೆಸರಿನಿಂದ ಕರೆದುಬಿಟ್ಟರು. ಆರು ವರ್ಷ ಬಾಯಿಗೆ ಬಂದಿದ್ದು ಅದೊಂದೇ ಹೆಸರು! ಮನೆಯಲ್ಲಿ ಯಾವ ಹೆಸರಿನಿಂದ ಕರೆಯಬೇಕು ಎಂಬುದನ್ನು ಬಾಗಿಲು ದಾಟುವ ಮುನ್ನ ಕೇಳಿಕೊಳ್ಳುವುದು ಒಳ್ಳೆಯದು.

ಊಟದ ಮೇಲೆ ನಿಜವಾದ ಚೆಸ್ ಬೋರ್ಡು ಹೊರಬಂತು. ಇಬ್ಬರೂ ಕಾದಿದ್ದ ಗಳಿಗೆ ಇದೇ, ಅದೇ ಪೂರ್ತಿ ಸಪ್ಪೆಯಾಯಿತು. ಮೂರು ದಿನ ಯೋಚಿಸಿ ನಡೆಸುತ್ತಿದ್ದ ಊರಿನವರು ಎದುರು ಕೂತಾಗ ಮೂರು ಸೆಕೆಂಡಿಗೆ ಕೈ ಹಾಕಿ ಕುದುರೆಯನ್ನು ಬಿಟ್ಟಿಗೆ ಕೊಟ್ಟರು. ಬಂದವರು ಹಲ್ಲು ಕಚ್ಚಿ, ಕಾಲು ಅಲ್ಲಾಡಿಸಿ, ಬೋರ್ಡೇ ನಡುಗುವಂತೆ ಮಾಡಿದರು. ಮೂರನೇ ಆಟ ಅರ್ಧಕ್ಕೆ ಬಿಟ್ಟು ನಡೆಯಲು ಹೋದರು. ಅದೇ ಸರಿಯಾಯಿತು. ಎದುರು ಕೂತಾಗ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕು. ಪಕ್ಕದಲ್ಲಿ ನಡೆಯುವಾಗ ಕಣ್ಣಿಗೆ ರಸ್ತೆ ಇದೆ, ಮಾತಿಗೆ ಕಿವಿ ಇದೆ, ಮೌನಕ್ಕೆ ನೆಪ ಇದೆ. ವಾಯ್ಸ್ ಮೆಸೇಜಿನಲ್ಲಿ ಮಾತ್ರ ಹೇಳುತ್ತಿದ್ದ ಮಾತುಗಳು ಕೆರೆ ಏರಿಯ ಮೇಲೆ ಸಲೀಸಾಗಿ ಬಂದವು. ಇಂಥ ಭೇಟಿಗೆ ನೋಡುವ ಜಾಗಗಳ ಪಟ್ಟಿ ಮಾಡುವ ಬದಲು ನಡೆಯುವ ದಾರಿ ಎರಡು ಹುಡುಕಿಟ್ಟರೆ ಸಾಕು.

ಮೂರನೇ ದಿನ: ಮಳೆ, ಸತ್ತ ಫೋನು

ನಾಲ್ಕು ದಿನದಲ್ಲಿ ಅರ್ಧ ದಿನವನ್ನಾದರೂ ಒಬ್ಬೊಬ್ಬರೇ ಕಳೆಯಬೇಕು. ಊರಿನವರಿಗೆ ಬೆಳಿಗ್ಗೆ ಕೆಲಸವಿತ್ತು, ಬಂದವರು ಒಬ್ಬರೇ ಪೇಟೆ ಸುತ್ತಲು ಹೊರಟರು. ಹನ್ನೊಂದಕ್ಕೆ ಮಳೆ ಬಂತು. ಶುರುವಾಗುವ ಮೊದಲು ಒಂದು ಹನಿಯ ಸೂಚನೆಯೂ ಇಲ್ಲ, ಬಕೆಟ್ಟು ಮಗುಚಿದ ಹಾಗೆ. ಅಂಗಿಯ ಜೇಬಿನಲ್ಲಿದ್ದ ಫೋನು ನೆನೆದು ಕಣ್ಣು ಮುಚ್ಚಿತು.

ಅಂಗಡಿಯ ಮಾಡಿನ ಕೆಳಗೆ ನಿಂತಾಗ ಹೊಳೆದ ಸತ್ಯ: ಆರು ವರ್ಷದ ಗೆಳೆಯರ ಫೋನ್ ನಂಬರು ಗೊತ್ತಿಲ್ಲ. ಮಾತೆಲ್ಲ ಆ್ಯಪಿನಲ್ಲಿ, ಆ್ಯಪಿಗೆ ಬೇಕಾದ್ದು ಅಡ್ಡಹೆಸರು. ಮನೆಯ ದಾರಿ ಕೂಡ ಫೋನಿನ ನಕ್ಷೆಯೇ ತೋರಿಸಿದ್ದು. ಅಂಗಡಿಯವರು ತಮ್ಮ ಫೋನು ಕೊಟ್ಟರು. ಬಂದವರು ತಮ್ಮ ಖಾತೆ ತೆರೆಯಲು ಹೋದರೆ ಒಟಿಪಿ ಹೋಗುವುದು ಸತ್ತ ಫೋನಿಗೆ. ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು.

ಇದಕ್ಕೆ ಮದ್ದು ಹೊರಡುವ ಮುಂಚೆಯೇ ಮಾಡಬೇಕಿತ್ತು. ಎರಡು ಹಂತದ ಪರಿಶೀಲನೆ ಇರುವ ಬಹುತೇಕ ಖಾತೆಗಳು ಫೋನು ಕೈಯಲ್ಲಿಲ್ಲದಾಗ ಒಟಿಪಿ ಬದಲು ಬಳಸಲು ಬ್ಯಾಕಪ್ ಕೋಡ್ ಕೊಡುತ್ತವೆ. ಗೂಗಲ್ ಖಾತೆಯಲ್ಲಾದರೆ ಒಮ್ಮೆಗೆ 10 ಕೋಡು, ಒಂದೊಂದೂ 8 ಅಂಕಿಯದು, ಒಂದನ್ನು ಒಂದೇ ಸಲ ಬಳಸಬಹುದು. ಎರಡು ಕೋಡು, ಗೆಳೆಯರ ನಂಬರು, ವಿಳಾಸ, ಮನೆಯವರೊಬ್ಬರ ನಂಬರು, ಇಷ್ಟನ್ನು ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಪರ್ಸಿನಲ್ಲಿಟ್ಟರೆ ಮಳೆ ಏನೂ ಮಾಡುವುದಿಲ್ಲ. ಕೋಡಿನ ಜೊತೆಗೆ ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ಬರೆಯಬಾರದು ಎನ್ನುವುದೂ ನೆನಪಿರಲಿ, ಪರ್ಸು ಕಳೆದರೆ ಎಲ್ಲ ಒಟ್ಟಿಗೇ ಹೋಗುತ್ತದೆ.

ಒಂದು ಒಪ್ಪಂದ ಮಾತ್ರ ಆಗಿತ್ತು. ಸಂಪರ್ಕ ತಪ್ಪಿದರೆ ಮೊದಲು ಸಿಕ್ಕ ಜಾಗದಲ್ಲೇ ಕಾಯುವುದು. ಬಂದವರು ಒದ್ದೆ ಬಟ್ಟೆಯಲ್ಲೇ ಸ್ಟೇಷನ್ ಗಡಿಯಾರದ ಕೆಳಗಿನ ಬೆಂಚಿಗೆ ಹೋಗಿ ಕೂತರು.

ಪಕ್ಕದಲ್ಲಿ ವಯಸ್ಸಾದ ಒಬ್ಬರು ರೈಲಿಗೆ ಕಾಯುತ್ತಿದ್ದರು. ಕಥೆ ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಾನು ಹ್ಯಾಮ್ ರೇಡಿಯೊದವನು” ಎಂದರು. ಮುಖ ನೋಡದೆ ಸ್ನೇಹ ಮಾಡುವ ವಿದ್ಯೆಯನ್ನು ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ದೂರದವರೊಡನೆ ಮಾತಾಡುವವರು, ಇಂಟರ್ನೆಟ್ಟಿಗಿಂತ ಎಷ್ಟೋ ದಶಕ ಮೊದಲೇ ಕಲಿತಿದ್ದರು. ಅಡ್ಡಹೆಸರಿನ ಜಾಗದಲ್ಲಿ ಅವರಿಗೆ ಕಾಲ್‌ಸೈನ್, ಅಕ್ಷರ ಅಂಕಿ ಸೇರಿದ ಗುರುತು. ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಅಂಚೆಯಲ್ಲಿ ಬರುವ ಕ್ಯೂಎಸ್ಎಲ್ ಕಾರ್ಡು: ದಿನ, ಹೊತ್ತು, ತರಂಗಾಂತರ, ಸಿಗ್ನಲ್ ಎಷ್ಟು ಸ್ಪಷ್ಟವಿತ್ತು ಎಂಬ ಅಂಕಿ. ಗಾಳಿಯಲ್ಲಿ ಪರಿಚಯವಾದವರು ಎದುರಾಬದುರು ಸಿಕ್ಕರೆ ಅದಕ್ಕೂ ಅವರಲ್ಲಿ ಹೆಸರಿದೆ, ಐಬಾಲ್ ಕ್ಯೂಎಸ್ಓ. ಕಣ್ಣುಗುಡ್ಡೆಯ ಸಂಪರ್ಕ! “ಮೊದಲನೇ ದಿನ ಎಲ್ಲರೂ ಬೆಪ್ಪಾಗ್ತಾರೆ” ಎಂದು ಹೇಳಿ ಅವರು ತಮ್ಮ ರೈಲು ಹತ್ತಿದರು. ಹೋಗುವಾಗ “73” ಎಂದು ಕೈ ಬೀಸಿದರು. ಶುಭಾಶಯ ಎನ್ನಲು ಹ್ಯಾಮ್‌ಗಳು ಬಳಸುವ ಅಂಕಿ ಅದು.

ಎರಡು ಗಂಟೆಯಾದ ಮೇಲೆ ಊರಿನವರು ಛತ್ರಿ ಹಿಡಿದು ಓಡುತ್ತ ಬಂದರು. ದೂರದಿಂದಲೇ ಕೂಗು: “ಎಲ್ಲಿ ಹೋಗಿದ್ದೆ ನೀನು? ಎಷ್ಟು ಗಾಬರಿಯಾಯ್ತು ಗೊತ್ತಾ!”

ಆ ‘ನೀನು’ ಬಂದದ್ದು ಇಬ್ಬರಿಗೂ ತಡವಾಗಿ ಗೊತ್ತಾಯಿತು. ವಾಪಸ್ ತೆಗೆದುಕೊಳ್ಳಲು ಯಾರೂ ಹೋಗಲಿಲ್ಲ.

ಅವತ್ತು ರಾತ್ರಿಯಿಂದ ಬಂದವರ ಬ್ಯಾಗು ಊರಿನವರ ಮನೆಯಲ್ಲಿ. ಫೋನು ಫ್ಯಾನಿನ ಕೆಳಗೆ ಒಣಗುತ್ತಿತ್ತು. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ದೂಳೂ ಪುಡಿಯೂ ಚಾರ್ಜಿಂಗ್ ಕಿಂಡಿಯೊಳಗೆ ಹೋಗುವುದಷ್ಟೇ ಲಾಭ. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕದಿದ್ದರೆ ಬದುಕುವ ಸಾಧ್ಯತೆ ಹೆಚ್ಚು. ಕಾಯುತ್ತ ಕೂತಾಗ ಮಾತು ಇನ್ನೊಂದು ಕಡೆ ತಿರುಗಿತು. ಎರಡು ಗಂಟೆಗೇ ಈ ಗಾಬರಿಯಾದರೆ, ನಮ್ಮಲ್ಲೊಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರಿಗೆ ತಿಳಿಸುವವರು ಯಾರು?

ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ಯುವಕನ ವಿಷಯ ಇಲ್ಲಿ ಬರಲೇಬೇಕು. ಡುಶೆನ್ ಎಂಬ ಸ್ನಾಯುಕ್ಷಯದ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿದ್ದ ಆತ ದಿನದ ಬಹುಪಾಲನ್ನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಕಳೆಯುತ್ತಿದ್ದ. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಮಗನಿಗೆ ಗೆಳೆಯರೇ ಇರಲಿಲ್ಲ ಎಂದು ಹೆತ್ತವರು ಕೊರಗಿದ್ದರು. ಆತನ ಬ್ಲಾಗಿನ ಪಾಸ್‌ವರ್ಡ್ ಅವರ ಬಳಿ ಇತ್ತು, ಸಾವಿನ ಸುದ್ದಿ ಹಾಕಿದರು. ಮೇಲ್‌ಗಳು ಬರಲು ಶುರುವಾದವು, ಆಟದ ಗೆಳೆಯರಲ್ಲಿ ಕೆಲವರು ಬೇರೆ ದೇಶಗಳಿಂದ ಅಂತ್ಯಸಂಸ್ಕಾರಕ್ಕೂ ಬಂದರು. ಆ ಒಂದು ಪಾಸ್‌ವರ್ಡ್ ಇಲ್ಲದಿದ್ದರೆ ಎರಡೂ ಕಡೆಯವರಿಗೆ ಏನೂ ತಿಳಿಯುತ್ತಿರಲಿಲ್ಲ.

ಇಬ್ಬರೂ ಮನೆಯವರೊಬ್ಬರ ಹೆಸರು, ನಂಬರು ಬದಲಾಯಿಸಿಕೊಂಡರು. ಆ ಮನೆಯವರಿಗೂ ಹೇಳಿಟ್ಟರು: “ಹೀಗೊಬ್ಬರಿದ್ದಾರೆ, ಅವರಿಗೂ ತಿಳಿಸಬೇಕು.” ಐದು ನಿಮಿಷದ ಕೆಲಸ. ಹತ್ತು ವರ್ಷ ಸ್ನೇಹವಿದ್ದೂ ಇದನ್ನು ಮಾಡದವರೇ ಬಹಳ.

ನಾಲ್ಕನೇ ದಿನ: ಲೆಕ್ಕ

ರೈಲು ಮಧ್ಯಾಹ್ನ. ಬೆಳಿಗ್ಗೆ ಏನನ್ನೂ ಇಟ್ಟುಕೊಂಡಿರಲಿಲ್ಲ. ಊರಿನವರು ಪಾತ್ರೆ ತೊಳೆದರು, ಬಂದವರು ಒರೆಸಿಟ್ಟರು, ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಮೊದಲ ದಿನದ ಆಟೊದ ಮೌನಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಸಂವಹನ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೊಸ ಜಾಗಕ್ಕೆ ಬಂದು ನೆಲೆಸಿದವರನ್ನು ನೋಡಿತ್ತು. ಬರಿ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆಯರೆನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಗಿರಬೇಕಾಯಿತು. ದಿನಕ್ಕೆ 15 ನಿಮಿಷ ಬರೆದುಕೊಳ್ಳುವವರಿಗೆ 200 ಗಂಟೆ ಎಂದರೆ 800 ದಿನ. ನಾಲ್ಕು ದಿನ, ದಿನಕ್ಕೆ ಹನ್ನೆರಡು ತಾಸು ಜೊತೆಗಿದ್ದರೆ ಅದೇ 48 ಗಂಟೆ, ಆರು ತಿಂಗಳ ಬರವಣಿಗೆಗೆ ಸಮ. ಆದರೆ ಈ ಗಂಟೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬರವಣಿಗೆಯ ಹದಿನೈದು ನಿಮಿಷದಲ್ಲಿ ಇಬ್ಬರೂ ಪೂರ್ತಿ ಅಲ್ಲೇ ಇರುತ್ತಾರೆ. 48 ಗಂಟೆಯಲ್ಲಿ ಅರ್ಧ ಪಾತ್ರೆ, ಬಸ್ಸು, ಆಕಳಿಕೆ. ಆಕಳಿಕೆಯನ್ನು ಮೆಸೇಜಿನಲ್ಲಿ ಕಳಿಸಲು ಬರುವುದಿಲ್ಲವಾದ್ದರಿಂದಲೇ ರೈಲು ಹತ್ತಬೇಕು.

ಪ್ಲಾಟ್‌ಫಾರಂನಲ್ಲಿ ‘ಮುಂದಿನ ಸಲ ಯಾವಾಗ’ ಎಂದು ಇಬ್ಬರೂ ಕೇಳಲಿಲ್ಲ. ಅಲ್ಲಿ ಹೇಳುವ ತಾರೀಕು ಅಳುವಿನ ತಾರೀಕು, ನಿಲ್ಲುವುದು ಕಡಿಮೆ.

ಹಿಂದಿರುಗಿದ ಮೇಲೆ

ಮೊದಲ ವಾರ ಮೆಸೇಜು ಕಮ್ಮಿಯಾದವು. ದಿನಕ್ಕೊಂದು, ಅದೂ ಒಣಒಣ. ಹೀಗಾಗುವುದು ಮಾಮೂಲು, ಪುಟ ಪುಟ ಬರೆಯುತ್ತಿದ್ದವರಿಗೆ ಅಕ್ಷರ ಈಗ ತೆಳ್ಳಗೆ ಅನ್ನಿಸುತ್ತದೆ. ‘ಭೇಟಿಯಿಂದ ಕೆಟ್ಟಿತು’ ಎಂದು ಉದ್ದುದ್ದ ವಿವರಣೆ ಕೇಳದೆ ಹಳೆಯ ಕೆಲಸಕ್ಕೆ ಮರಳುವುದು ಜಾಣತನ. ಬಾಕಿ ಉಳಿದಿದ್ದ ಆಟದಲ್ಲಿ ಗಡುವು ಮುಗಿಯಲು ಐದು ಗಂಟೆ ಇದ್ದಾಗ ಊರಿನವರ ನಡೆ ಬಂತು, ಎಂದಿನಂತೆ.

ಹನ್ನೊಂದನೇ ದಿನ ರಾತ್ರಿ ಕರೆ. ಅದೂ ಇದೂ ಮಾತಾಡುವಾಗ ಊರಿನವರು “ಇಲ್ಲಿ ಮಳೆ ಜೋರು” ಎಂದರು.

“ನನಗೇನೂ ಕೇಳಿಸ್ತಿಲ್ಲವಲ್ಲ.”

“ತಡಿ.” ಸೆಟ್ಟಿಂಗ್ಸ್ ತೆರೆದು, ಆಡಿಯೊ ಒಳಗೆ ಹೋಗಿ, ನಾಯ್ಸ್ ಸಪ್ರೆಶನ್ ಆಫ್ ಮಾಡಿದರು.

ಹಿತ್ತಲಿನ ತಗಡಿನ ಮೇಲೆ ಮಳೆ ಬೀಳುತ್ತಿದ್ದದ್ದು ಈ ಕಡೆ ಸುರಿಯಿತು. ಅದರ ನಡುವೆ ಸುತ್ತಿಗೊಮ್ಮೆ ‘ಟಕ್’. ಬಂದವರು ಫೋನನ್ನು ಮೇಜಿನ ಮೇಲಿಟ್ಟು, ದನಿ ಹೆಚ್ಚಿಸಿ, ಕುದುರೆಯನ್ನು ಎಲ್ಲಿಡುವುದೆಂದು ಯೋಚಿಸತೊಡಗಿದರು. ಗಡುವಿಗೆ ಇನ್ನೂ ಎರಡು ದಿನವಿತ್ತು.